ಎದ್ದು ಓಡಾಡಿದ ಮಾತ್ರಕ್ಕೆ ಸರಿಹೋಯಿತು ಅಂತಲ್ಲ: ಮನೆಯಲ್ಲಿ ನಾಯಿ ದಿಢೀರ್ ಕುಸಿದು ಬಿದ್ದರೆ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಬ್ರೂನೋಗೆ 9 ವರ್ಷ. ಮೊನ್ನೆ ಸಂಜೆ ನಮ್ಮ ಯಜಮಾನರು ಗೇಟು ತೆಗೆದ ಸದ್ದು ಕೇಳಿ ಓಡಿದವನು ವರಾಂಡದಲ್ಲೇ ದೊಪ್ಪನೆ ಬಿದ್ದ. ಕಾಲು ಸೆಟೆದುಕೊಂಡವು, ಉಚ್ಚೆಯೂ ಹೋಯಿತು. ಅತ್ತೆ ಗಾಬರಿಯಲ್ಲಿ ಕಾಲಿಗೆ ಕಬ್ಬಿಣದ ಕೀ ಒತ್ತಿ ಹಿಡಿದು ಬಾಯಿಗೆ ನೀರು ಬಿಟ್ಟರು. ಒಂದು ನಿಮಿಷವೂ ಆಗಿರಲಿಲ್ಲ, ಎದ್ದು ಬಾಲ ಅಲ್ಲಾಡಿಸಿಕೊಂಡು ಹೋದ. ರಾತ್ರಿ ಊಟಾನೂ ಮಾಡಿದ. ಪಕ್ಕದ ಮನೆಯವರು ಇದು ಫಿಟ್ಸು, ಮತ್ತೆ ಬಂದರೆ ಈರುಳ್ಳಿ ಮೂಸಿಸಿ ಅಂದಿದ್ದಾರೆ. ಈಗ ಆರಾಮಾಗಿದ್ದಾನೆ. ಆದರೂ ಡಾಕ್ಟರ್ ಹತ್ತಿರ ಹೋಗಬೇಕಾ? ಮತ್ತೆ ಹೀಗಾದರೆ ಮನೆಯಲ್ಲಿ ಏನು ಮಾಡೋದು? ಬೆಳಗಿನ ವಾಕಿಂಗ್ ನಿಲ್ಲಿಸಬೇಕಾ?
(ತುಮಕೂರಿನ ಓದುಗರೊಬ್ಬರು)

ಉತ್ತರ:

ಹೋಗಬೇಕು. ಇವತ್ತೇ ಹೋಗಿ. ಇದನ್ನು ಮುಂದಕ್ಕೆ ಓದುವ ಮೊದಲು ಒಂದು ಕೆಲಸ ಮಾಡಿ. ಬ್ರೂನೋನ ಮೇಲ್ದುಟಿ ಎತ್ತಿ ವಸಡು ಯಾವ ಬಣ್ಣದಲ್ಲಿದೆ ನೋಡಿ. ತಿಳಿ ಗುಲಾಬಿ ಇದ್ದರೆ ಪೂರ್ತಿ ಓದಿ, ಸಂಜೆಯೊಳಗೆ ಆಸ್ಪತ್ರೆಗೆ ಹೊರಡಿ. ಬಿಳಚಿಕೊಂಡಿದ್ದರೆ ಈಗಲೇ ಎದ್ದು ಹೊರಡಿ, ಉಳಿದದ್ದನ್ನು ಕಾರಿನಲ್ಲಿ ಕೂತು ಓದಿದರಾಯಿತು.

ಇಷ್ಟು ಅವಸರ ಯಾಕೆ ಅಂತ ಅನ್ನಿಸಬಹುದು. ಬಿದ್ದ ನಾಯಿ ಏಳಲೇ ಇಲ್ಲ ಅಂದರೆ ಯಾರೂ ಕಾಯುವುದಿಲ್ಲ, ಎತ್ತಿಕೊಂಡು ಓಡಿ ಬರುತ್ತಾರೆ. ಎಡವಟ್ಟಾಗೋದು ಎದ್ದ ನಾಯಿಯ ವಿಷಯದಲ್ಲೇ. ಊಟ ಮಾಡಿದ, ಬಾಲ ಅಲ್ಲಾಡಿಸಿದ, ಇನ್ನೊಂದೆರಡು ದಿನ ನೋಡೋಣ ಅಂತ ಬಿಡುತ್ತಾರೆ. ಆಮೇಲೆ ಎರಡನೇ ಸಲ ಬಿದ್ದಾಗ ನಮ್ಮ ಹತ್ತಿರ ತರುತ್ತಾರೆ. ವಯಸ್ಸಾದ ದೊಡ್ಡ ತಳಿಯ ನಾಯಿಯನ್ನು ಒಂದು ಸಲ ಬೀಳಿಸಿ ಮತ್ತೆ ಏಳೋಕೆ ಬಿಡುವ ಕಾಯಿಲೆಗಳಲ್ಲಿ ಹೆಚ್ಚಿನವು ಮತ್ತೆ ಬಂದೇ ಬರುತ್ತವೆ, ಎರಡನೇ ಸಲ ಮೊದಲಿನಷ್ಟು ಸುಲಭವಾಗಿ ಬಿಟ್ಟುಕೊಡೋದೂ ಇಲ್ಲ. ಈ ಎರಡರ ನಡುವೆ ಸಿಗುವ ದಿನಗಳಲ್ಲೇ ನಾವು ಏನಾದರೂ ಮಾಡಲು ಸಾಧ್ಯ.

ನೀವು ಬರೆದಿರೋದನ್ನು ನೋಡಿದರೆ ನನಗೆ ಇದು ಫಿಟ್ಸ್ ಅನ್ನಿಸುತ್ತಿಲ್ಲ. ಎಚ್ಚರ ತಪ್ಪಿ ಬಿದ್ದ ಹಾಗಿದೆ. ಮಿದುಳಿಗೆ ಹೋಗುವ ರಕ್ತ ಕೆಲವೇ ಸೆಕೆಂಡು ಕಡಿಮೆಯಾದರೂ ಸಾಕು, ನಾಯಿ ನಿಂತಲ್ಲೇ ಕುಸಿಯುತ್ತದೆ. ಕಾಲು ಸೆಟೆಯಿತು, ಉಚ್ಚೆ ಹೋಯಿತು ಅಂದ ಕೂಡಲೇ ಎಲ್ಲರೂ ಫಿಟ್ಸ್ ಅಂದುಬಿಡುತ್ತಾರೆ. ಆದರೆ ಬರೀ ಎಚ್ಚರ ತಪ್ಪಿದ ನಾಯಿಯೂ ಕಾಲು ಸೆಟೆಸುತ್ತದೆ, ಕತ್ತನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಉಚ್ಚೆ ಮಾಡಿಕೊಳ್ಳುತ್ತದೆ, ಒಮ್ಮೊಮ್ಮೆ ಜೋರಾಗಿ ಕೂಗಿಕೊಳ್ಳುತ್ತದೆ. ಬೀಳುವ ಮುಂಚೆ ಏನು ಮಾಡುತ್ತಿತ್ತು, ಎದ್ದ ಮೇಲೆ ಹೇಗಿತ್ತು, ಇವೆರಡನ್ನು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಎಚ್ಚರ ತಪ್ಪೋದು ಸಾಮಾನ್ಯವಾಗಿ ಓಡುವಾಗ, ಖುಷಿಯಲ್ಲಿ ಕುಣಿಯುವಾಗ, ಜೋರಾಗಿ ಕೆಮ್ಮುವಾಗ. ಬಿದ್ದು ಒಂದು ನಿಮಿಷದೊಳಗೆ ಎದ್ದುಬಿಡುತ್ತದೆ, ಎದ್ದ ತಕ್ಷಣ ನಿಮ್ಮನ್ನು ಗುರುತು ಹಿಡಿಯುತ್ತದೆ. ಫಿಟ್ಸ್ ಹೆಚ್ಚಾಗಿ ಬರೋದು ಸುಮ್ನೆ ಮಲಗಿದ್ದಾಗ, ನಿದ್ದೆಯಲ್ಲಿ. ಹಲ್ಲು ಕಟಕಟ ಕಡಿಯುತ್ತದೆ, ಬಾಯಿಂದ ನೊರೆ ಜೊಲ್ಲು ಬರುತ್ತದೆ, ಮಲಗಿದಲ್ಲೇ ನಾಲ್ಕೂ ಕಾಲು ಓಡುವ ಹಾಗೆ ಆಡುತ್ತವೆ. ಅದು ನಿಂತ ಮೇಲೂ ನಾಯಿ ಸರಿಯಾಗಿರೋದಿಲ್ಲ. ಗೋಡೆಗೆ ಡಿಕ್ಕಿ ಹೊಡೆಯೋದು, ಮನೆಯವರನ್ನೇ ಗುರುತಿಸದೆ ಸುತ್ತುಹಾಕೋದು, ವಿಪರೀತ ಹಸಿವು ಬಾಯಾರಿಕೆ, ಹೀಗೆ ಕೆಲವು ನಿಮಿಷದಿಂದ ಕೆಲವು ಗಂಟೆವರೆಗೂ ಮಂಕಾಗಿಯೇ ಇರುತ್ತದೆ.

ಇನ್ನೊಂದು ವಿಷಯ ವಯಸ್ಸು. ಕಾರಣ ಗೊತ್ತಾಗದೆ ಬರುವ ಮೂರ್ಛೆರೋಗ ನಾಯಿಗಳಲ್ಲಿ ಸಾಮಾನ್ಯವಾಗಿ 6 ತಿಂಗಳಿನಿಂದ 6 ವರ್ಷದೊಳಗೆ ಶುರುವಾಗುತ್ತದೆ. 9ನೇ ವರ್ಷದಲ್ಲಿ ಮೊದಲ ಬಾರಿಗೆ ಫಿಟ್ಸ್ ಬಂದಿದೆ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಮಿದುಳಿನ ಗಡ್ಡೆ, ಲಿವರ್, ಸಕ್ಕರೆ ಅಂಶ ಅಂತ ಹುಡುಕಲೇಬೇಕಾಗುತ್ತದೆ. ಹಾಗಾಗಿ ಪಕ್ಕದ ಮನೆಯವರ ಮಾತು ನಿಜವೇ ಆಗಿದ್ದರೂ ಪರೀಕ್ಷೆ ತಪ್ಪೋದಿಲ್ಲ.

ಬ್ರೂನೋನಂಥ ನಾಯಿ ಓಡುತ್ತಾ ಬಿದ್ದ ಅಂದರೆ ನನ್ನ ಮನಸ್ಸಿಗೆ ಮೊದಲು ಬರೋದು ಹೃದಯ ಮತ್ತು ಗುಲ್ಮ, ಅಂದರೆ ಹೊಟ್ಟೆಯೊಳಗಿನ ಸ್ಪ್ಲೀನ್. ವಯಸ್ಸಾದ ಲ್ಯಾಬ್ರಡಾರ್‌ಗಳಲ್ಲಿ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ವಿದ್ಯುತ್ ಸಂದೇಶ ತಡೆದು ನಿಲ್ಲೋದುಂಟು. ಆಗ ಬಡಿತ ನಿಮಿಷಕ್ಕೆ 30, 40ಕ್ಕೆ ಇಳಿದುಬಿಡುತ್ತದೆ. ಮಲಗಿರುವ ನಾಯಿಗೆ ಅಷ್ಟು ಸಾಕಾಗಬಹುದು, ಗೇಟಿನ ತನಕ ಓಡೋಕೆ ಸಾಲದು. ಡಾಬರ್‌ಮನ್, ಗ್ರೇಟ್ ಡೇನ್‌ಗಳಲ್ಲಿ ಹೃದಯದ ಸ್ನಾಯು ಸೋತು ಹಿಗ್ಗುವ ಕಾಯಿಲೆ ಜಾಸ್ತಿ. ಅವುಗಳಲ್ಲಿ ಬಡಿತದ ಲಯ ತಪ್ಪಿ, ಮುಂಚೆ ಯಾವ ಲಕ್ಷಣವೂ ಇಲ್ಲದೆ ಬೀಳೋದಿದೆ. ನಮ್ಮಲ್ಲಿ ಮನೆಮನೆಯಲ್ಲೂ ಇರುವ ಸ್ಪಿಟ್ಜ್, ಡ್ಯಾಶುಂಡ್‌ಗಳಿಗೆ ವಯಸ್ಸಾದಂತೆ ಹೃದಯದ ಕವಾಟ ಸೋರುತ್ತದೆ. ರಾತ್ರಿ ಕೆಮ್ಮು ಮೊದಲು, ಬೀಳೋದು ಆಮೇಲೆ. ಹೃದಯದ ಸುತ್ತಲಿನ ಚೀಲದಲ್ಲಿ ನೀರು ಅಥವಾ ರಕ್ತ ತುಂಬಿಕೊಂಡು ಹೃದಯ ಬಿಚ್ಚಿಕೊಳ್ಳಲಾಗದೆ ಬೀಳುವ ನಾಯಿಗಳೂ ಇವೆ. ಸೂಜಿಯಿಂದ ಆ ನೀರು ತೆಗೆದರೆ ಆಗಲೇ ಕಣ್ಣು ಬಿಟ್ಟು ನೋಡುತ್ತವೆ, ಆದರೆ ಅದು ಗೊತ್ತಾಗಬೇಕಾದರೆ ಯಾರಾದರೂ ಸ್ಕ್ಯಾನ್ ಮಾಡಿರಬೇಕು.

ಗುಲ್ಮದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮನೆಯವರಿಗೆ ಅತಿ ಹೆಚ್ಚು ದಿಕ್ಕು ತಪ್ಪಿಸುವ ಕಾಯಿಲೆ ಇದೇ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಿಗೆ ವಯಸ್ಸಾದಾಗ ಗುಲ್ಮದಲ್ಲಿ ಗಡ್ಡೆ ಬೆಳೆಯುತ್ತದೆ. ಅದು ತಿಂಗಳುಗಟ್ಟಲೆ ಏನೂ ತೋರಿಸೋದಿಲ್ಲ. ಒಂದು ದಿನ ಬಿರುಕು ಬಿಟ್ಟು ಹೊಟ್ಟೆಯೊಳಗೆ ರಕ್ತ ಸೋರುತ್ತದೆ. ನಾಯಿ ಕುಸಿಯುತ್ತದೆ, ವಸಡು ಬೆಳ್ಳಗಾಗುತ್ತದೆ, ಎಬ್ಬಿಸಿದರೂ ಏಳೋದಿಲ್ಲ. ಸೋರಿಕೆ ಸಣ್ಣದಾಗಿದ್ದರೆ ಅಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಹೊಟ್ಟೆಯೊಳಗೆ ಬಿದ್ದ ರಕ್ತದಲ್ಲಿ ಒಂದಷ್ಟನ್ನು ಮೈ ಮತ್ತೆ ಹೀರಿಕೊಳ್ಳುತ್ತದೆ. ಕೆಲವು ಗಂಟೆಯಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ನಾಯಿ ಮೊದಲಿನ ಹಾಗೆ ಓಡಾಡುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಗಡ್ಡೆ ಮಾತ್ರ ಅಲ್ಲೇ ಇರುತ್ತದೆ, ಮುಂದಿನ ಸಲ ಜಾಸ್ತಿ ಸೋರುತ್ತದೆ. ಈ ಗಡ್ಡೆಗಳಲ್ಲಿ ಕೆಟ್ಟ ಕ್ಯಾನ್ಸರ್ ಬಹಳ, ಅದನ್ನು ಮುಚ್ಚಿಡೋದಿಲ್ಲ. ಆದರೆ ಎಲ್ಲವೂ ಕ್ಯಾನ್ಸರ್ ಅಲ್ಲ. ಬರೀ ಹೆಪ್ಪುಗಟ್ಟಿದ ರಕ್ತದ ಗಂಟಾಗಿದ್ದರೆ ಗುಲ್ಮ ತೆಗೆದ ಮೇಲೆ ನಾಯಿ ಉಳಿದ ಆಯಸ್ಸನ್ನು ಚೆನ್ನಾಗಿಯೇ ಕಳೆಯುತ್ತದೆ. ಗುಲ್ಮ ಇಲ್ಲದೆಯೂ ನಾಯಿ ಬದುಕುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್ ಒಂದು ಮಾಡಿಸಿ ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಈಗ ವಸಡು ನೋಡೋದು ಹೇಗೆ ಅಂತ. ಇದನ್ನು ನಾಯಿ ಆರೋಗ್ಯವಾಗಿದ್ದಾಗಲೇ ಕಲಿತುಕೊಳ್ಳಬೇಕು, ಅದರ ಮಾಮೂಲಿ ಬಣ್ಣ ಯಾವುದು ಅಂತ ನಿಮ್ಮ ಕಣ್ಣಿಗೆ ಅಭ್ಯಾಸ ಆಗಿರಬೇಕು. ನಾಯಿಯ ಪಕ್ಕದಲ್ಲಿ ಕೂತು, ಕೋರೆಹಲ್ಲಿನ ಮೇಲೆ ಬರುವ ತುಟಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಸರಿಸಿ. ಬಾಯಿ ತೆರೆಸೋದು ಬೇಡ. ಹಲ್ಲಿನ ಮೇಲಿನ ವಸಡನ್ನು ಇನ್ನೊಂದು ಬೆರಳಿನಿಂದ ಒತ್ತಿ, ಒತ್ತಿದ ಜಾಗ ಬೆಳ್ಳಗಾಗುತ್ತದೆ. ಬೆರಳು ತೆಗೆಯಿರಿ. 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ತಡವಾಗಿ ಬಂದರೆ ರಕ್ತ ಓಡಾಟ ಸಾಲುತ್ತಿಲ್ಲ ಅಂತ ಅರ್ಥ. ಬಿಳಚಿದ್ದರೆ ಒಳಗೆ ರಕ್ತಸ್ರಾವ, ರಕ್ತಹೀನತೆ ಅಥವಾ ಹೃದಯ ಸೋತಿರೋದು. ನೀಲಿಯಾಗಿದ್ದರೆ ಉಸಿರಿನ ತೊಂದರೆ. ಕಡುಗೆಂಪಾಗಿದ್ದರೆ ಬಿಸಿಲಿನ ಹೊಡೆತ ಅಥವಾ ನಂಜು. ಹಳದಿಯಾಗಿದ್ದರೆ ಲಿವರ್ ತೊಂದರೆ, ಇಲ್ಲವೇ ರಕ್ತಕಣಗಳು ಒಡೆಯುತ್ತಿರೋದು. ಕೆಲವು ನಾಯಿಗಳ ವಸಡೇ ಕಪ್ಪು. ಅವುಗಳಿಗೆ ಕೆಳಗಿನ ಕಣ್ಣು ರೆಪ್ಪೆಯನ್ನು ಎಳೆದು ಒಳಭಾಗ ನೋಡಿ. ಜೊತೆಗೆ ನಾಡಿ ಹಿಡಿಯೋದನ್ನೂ ಕಲಿಯಿರಿ. ಹಿಂಗಾಲಿನ ತೊಡೆಯ ಒಳಗೆ, ತೊಡೆ ಹೊಟ್ಟೆಗೆ ಸೇರುವ ಕಡೆ, ಎರಡು ಬೆರಳು ಹಗುರವಾಗಿ ಇಟ್ಟರೆ ಬಡಿತ ಸಿಗುತ್ತದೆ. 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ. ಆರಾಮಾಗಿ ಮಲಗಿರುವ ಲ್ಯಾಬ್ರಡಾರ್‌ಗೆ 60ರಿಂದ 120ರೊಳಗೆ ಇರುತ್ತದೆ. ಎಚ್ಚರವಾಗಿದ್ದಾಗಲೂ 50ಕ್ಕಿಂತ ಕೆಳಗೆ ಇದ್ದರೆ ಫೋನಿನಲ್ಲೇ ಡಾಕ್ಟರಿಗೆ ಆ ಅಂಕಿ ಹೇಳಿ.

ಮತ್ತೆ ಬಿದ್ದರೆ ಏನು ಮಾಡೋದು ಅಂತ ಕೇಳಿದ್ದೀರಿ. ಮೊದಲು ನಾಯಿಯ ಸುತ್ತ ಕಣ್ಣು ಹಾಯಿಸಿ. ಹತ್ತಿರದಲ್ಲಿ ಕಡಿದ ವೈರು, ಗೀಸರ್ ನೀರು, ನೀರಿನ ಮೋಟಾರು ಇದ್ದರೆ ಮುಟ್ಟಬೇಡಿ, ಮೇನ್ ಸ್ವಿಚ್ ಆರಿಸಿ ಆಮೇಲೆ ಹೋಗಿ. ಹೆಸರು ಹಿಡಿದು ಕರೆಯಿರಿ. ನಾಯಿ ಒಂದು ಮಗ್ಗುಲಾಗಿ ಮಲಗಿರಲಿ, ಕತ್ತು ನೇರವಾಗಿ ಮುಂದಕ್ಕೆ ಚಾಚಿರಲಿ, ಬೆಲ್ಟ್ ಬಿಚ್ಚಿ. ಎದೆ ಏರಿಳಿಯುತ್ತಿದೆಯಾ ನೋಡಿ. ಉಸಿರಾಡುತ್ತಿದ್ದರೆ ವಸಡು ನೋಡಿ, ಹೊಟ್ಟೆ ಉಬ್ಬಿದೆಯಾ ಕೈಯಿಟ್ಟು ನೋಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಫೋನಿನಲ್ಲಿ ವಿಡಿಯೋ ಮಾಡಲಿ. ಎಷ್ಟು ಹೊತ್ತು ಆಯಿತು ಅನ್ನೋದು ಅದರಲ್ಲೇ ದಾಖಲಾಗುತ್ತದೆ, ಗಾಬರಿಯಲ್ಲಿ ಅರ್ಧ ನಿಮಿಷವೂ ಹತ್ತು ನಿಮಿಷ ಅನ್ನಿಸುತ್ತದೆ. ನೀವು ಎಷ್ಟೇ ವಿವರವಾಗಿ ಹೇಳಿದರೂ ಆ ಅರ್ಧ ನಿಮಿಷದ ವಿಡಿಯೋ ನನಗೆ ಕೊಡುವಷ್ಟು ಸುಳಿವು ಸಿಗೋದಿಲ್ಲ, ಮುಖ ಮತ್ತು ಕಾಲು ಎರಡೂ ಕಾಣುವ ಹಾಗೆ ತೆಗೆಯಿರಿ.

ಅತ್ತೆಯವರು ಬಾಯಿಗೆ ನೀರು ಬಿಟ್ಟಿದ್ದು ಪ್ರೀತಿಯಿಂದಲೇ, ನನಗೆ ಗೊತ್ತು. ಮುಂದೆ ಮಾತ್ರ ಬೇಡ ಅಂತ ಹೇಳಿ. ಎಚ್ಚರವಿಲ್ಲದ ನಾಯಿ ನುಂಗೋದಿಲ್ಲ, ಬಿಟ್ಟ ನೀರು ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು, ಬಿದ್ದ ಕಾಯಿಲೆಗಿಂತ ಆಮೇಲೆ ಬರುವ ನ್ಯುಮೋನಿಯಾ ದೊಡ್ಡದಾಗುತ್ತದೆ. ಹಾಲು, ಎಳನೀರು, ಮಾತ್ರೆ ಯಾವುದೂ ಬೇಡ. ಕಬ್ಬಿಣದ ಕೀಯಿಂದ ಏನೂ ಆಗೋದಿಲ್ಲ, ಹೊತ್ತು ಹಾಳು ಅಷ್ಟೇ. ಈರುಳ್ಳಿ ಮೂಸಿಸಿದರೂ ಏನೂ ಆಗೋದಿಲ್ಲ. ಆದರೆ ನಾಯಿ ಅದನ್ನು ತಿಂದರೆ ಕೆಂಪು ರಕ್ತಕಣ ಒಡೆಯುತ್ತವೆ, ಅದಕ್ಕೆ ಈರುಳ್ಳಿ ಹತ್ತಿರವೇ ತರಬೇಡಿ. ಮನೆಯಲ್ಲಿ ಹಿರಿಯರಿದ್ದರೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಇರುತ್ತದೆ ಅಲ್ವಾ, ಹಾರ್ಟ್ ಅಟ್ಯಾಕ್ ಇರಬೇಕು ಅಂತ ಅದನ್ನು ನಾಯಿಗೆ ಕೊಡಲು ಹೋಗುವವರಿದ್ದಾರೆ. ದಯವಿಟ್ಟು ಕೊಡಬೇಡಿ. ಬಿದ್ದ ನಾಯಿಯ ರಕ್ತದೊತ್ತಡ ಮೊದಲೇ ಇಳಿದಿರುತ್ತದೆ, ಅದು ಇನ್ನೂ ಇಳಿಸುತ್ತದೆ. ಆಸ್ಪಿರಿನ್ ಕೂಡ ಬೇಡ, ಗುಲ್ಮ ಸೋರುತ್ತಿದ್ದರೆ ಅದು ಇನ್ನಷ್ಟು ಸೋರಿಸುತ್ತದೆ.

ಫಿಟ್ಸೇ ಆಗಿದ್ದರೆ ಕೈ ಬಾಯಿಯ ಹತ್ತಿರ ಹೋಗಬಾರದು. ನಾಯಿ ನಾಲಿಗೆ ನುಂಗಿಕೊಳ್ಳುತ್ತದೆ ಅನ್ನೋದು ನಿಜವಲ್ಲ, ಚಮಚ ತುರುಕಲು ಹೋದರೆ ಹಲ್ಲು ಮುರಿಯುತ್ತದೆ, ನಿಮ್ಮ ಬೆರಳೂ ಹೋಗುತ್ತದೆ. ಕಾಲು ಅದುಮಿ ಹಿಡಿಯಬೇಡಿ. ಮೆಟ್ಟಿಲು, ಮೇಜಿನ ಕಾಲು ತಾಗದಂತೆ ದಿಂಬು ಅಡ್ಡ ಇಡಿ, ಟಿವಿ ಮತ್ತು ಲೈಟು ಆರಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಅಥವಾ 24 ಗಂಟೆಯಲ್ಲಿ ಎರಡನೇ ಸಲ ಬಂದರೆ ತುರ್ತು ಚಿಕಿತ್ಸೆ ಬೇಕು, ಫಿಟ್ಸ್ ನಡೆಯುತ್ತಿದ್ದರೂ ಹೊತ್ತುಕೊಂಡು ಹೊರಡಿ. ಮರಿ ನಾಯಿಗೆ, ಚುಚ್ಚುಮದ್ದು ಆಗದ ನಾಯಿಗೆ ಫಿಟ್ಸ್ ಬಂದರೆ ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಮತ್ತು ರೇಬಿಸ್ ಎರಡನ್ನೂ ತಲೆಯಲ್ಲಿಟ್ಟುಕೊಳ್ಳಬೇಕು. ಅಂಥ ನಾಯಿಯ ಜೊಲ್ಲು ಗಾಯಕ್ಕೆ ತಾಗಿದ್ದರೆ ಅಥವಾ ಅದು ಕಚ್ಚಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ನೀವು ರೇಬಿಸ್ ಚುಚ್ಚುಮದ್ದಿಗೆ ಹೋಗಿ. ಪುಟ್ಟ ತಳಿಯ ಮರಿ ಬೆಳಗ್ಗೆಯಿಂದ ತಿನ್ನದೆ ತೂರಾಡಿ ಬಿದ್ದರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ನಾಯಿ ಬಿದ್ದರೆ ಸಕ್ಕರೆ ಇಳಿದಿರುತ್ತದೆ. ಇಲ್ಲಿ ಮಾತ್ರ ಒಂದಿಷ್ಟು ಜೇನುತುಪ್ಪ ಅಥವಾ ಗ್ಲೂಕೋಸ್ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ವಸಡಿಗೆ ಉಜ್ಜಬಹುದು, ಅದೂ ನಾಯಿ ಹಲ್ಲು ಕಡಿಯುತ್ತಿಲ್ಲ ಅಂದರೆ. ಗಂಟಲಿಗೆ ಸುರಿಯಬೇಡಿ.

ಆಸ್ಪತ್ರೆಗೆ ಹೊರಡುವ ಮುಂಚೆ ಮನೆಯಲ್ಲೇ ಚಿಕಿತ್ಸೆ ಶುರುಮಾಡಬೇಕಾದ ಒಂದು ಸಂದರ್ಭ ಇದೆ. ಬಿಸಿಲಿನ ಹೊಡೆತ. ನಿಮ್ಮ ಕಡೆಯೂ ಏಪ್ರಿಲ್‌ನಲ್ಲಿ ಸೆಕೆ ಕಡಿಮೆಯೇನಿಲ್ಲ, ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆ ಕೇಳೋದೇ ಬೇಡ. ಪಗ್, ಶಿಟ್ಜು, ಬುಲ್‌ಡಾಗ್‌ನಂಥ ಮೂಗು ಚಪ್ಪಟೆ ತಳಿಗಳು, ದಪ್ಪ ತುಪ್ಪಳದ ಹಸ್ಕಿ, ಮೈ ಬಂದಿರುವ ಲ್ಯಾಬ್ರಡಾರ್, ಇವಕ್ಕೆ ಬಿಸಿಲೇ ಬೇಕಿಲ್ಲ, ಗಾಳಿಯಾಡದ ಕೋಣೆ ಅಥವಾ ನಿಲ್ಲಿಸಿದ ಕಾರು ಸಾಕು. ವಿಪರೀತ ತೇಕುತ್ತದೆ, ಜೊಲ್ಲು ಅಂಟಂಟಾಗುತ್ತದೆ, ವಸಡು ಕಡುಗೆಂಪಾಗುತ್ತದೆ, ವಾಂತಿ ಭೇದಿ ಆಗಿ ಕುಸಿಯುತ್ತದೆ. ನಾಯಿಯ ಮಾಮೂಲಿ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ 105 ದಾಟಿದ್ದರೆ ಅಪಾಯ. ನೆರಳಿಗೆ ತಂದು, ನಲ್ಲಿ ನೀರನ್ನು ಮೈತುಂಬಾ, ಹೊಟ್ಟೆ, ಕಂಕುಳು, ಪಾದಗಳಿಗೆಲ್ಲ ಸುರಿಯುತ್ತಲೇ ಇರಿ, ಜೊತೆಗೆ ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. 103ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ, ಕಾರಿನ ಎಸಿ ಹಾಕಿ ಹೊರಡಿ. ಎದ್ದು ಕೂತರೂ ಹೋಗಲೇಬೇಕು, ಏಕೆಂದರೆ ಕಿಡ್ನಿ ಮತ್ತು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಗೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ. ಮುದಿ ಲ್ಯಾಬ್ರಡಾರ್‌ಗಳ ಬಗ್ಗೆ ಇಲ್ಲಿ ಒಂದು ಮಾತು ಸೇರಿಸಬೇಕು. ಬ್ರೂನೋ ಬೊಗಳುವ ಧ್ವನಿ ಇತ್ತೀಚೆಗೆ ಒಡಕಾಗಿದೆಯಾ? ಉಸಿರೆಳೆದುಕೊಳ್ಳುವಾಗ ಗರಗರ ಸದ್ದು ಬರುತ್ತದಾ? ಹೌದಾದರೆ ಗಂಟಲಿನ ಬಾಗಿಲು ಸರಿಯಾಗಿ ತೆರೆಯುತ್ತಿಲ್ಲದಿರಬಹುದು. ಈ ತಳಿಯಲ್ಲಿ ಅದು ಸಾಮಾನ್ಯ, ಓಡಿದಾಗ ಉಸಿರು ಸಾಲದೆ ಬೀಳೋದಕ್ಕೂ ಅದೇ ಕಾರಣವಾಗಬಹುದು. ಇದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಹೊಟ್ಟೆ ತಿರುಚಿಕೊಳ್ಳೋದು ಇನ್ನೊಂದು. ಊಟ ಆಗಿ ಒಂದೆರಡು ಗಂಟೆಗೆ ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಎದೆ ಆಳವಿರುವ ನಾಯಿ ಚಡಪಡಿಸುತ್ತಾ ಮತ್ತೆ ಮತ್ತೆ ಓಕರಿಸುತ್ತದೆ, ಏನೂ ಹೊರಗೆ ಬರೋದಿಲ್ಲ, ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ, ಆಮೇಲೆ ಕುಸಿಯುತ್ತದೆ. ಗ್ಯಾಸ್ ಅಂತ ಓಮದ ನೀರು ಕುಡಿಸುತ್ತಾ ಕೂತರೆ ನಾಯಿ ಉಳಿಯೋದಿಲ್ಲ. ಗಂಟೆಗಳಲ್ಲಿ ಆಪರೇಷನ್ ಆಗಬೇಕು.

ತೋಟದ ಮನೆಯವರು, ಹಳ್ಳಿಯವರು ಹಾವು ಮತ್ತು ವಿಷ ಎರಡನ್ನೂ ನೆನಪಿಡಬೇಕು. ಕೊಳಕುಮಂಡಲ ಕಚ್ಚಿದರೆ ಮುಖ ಅಥವಾ ಮುಂಗಾಲು ಊದಿಕೊಂಡು ರಕ್ತ ಜಿನುಗುತ್ತದೆ. ನಾಗರಹಾವು, ಕಟ್ಟುಹಾವು ಕಚ್ಚಿದರೆ ಕಾಲು ಸೋಲುತ್ತದೆ, ರೆಪ್ಪೆ ಇಳಿಬೀಳುತ್ತದೆ, ಕೊನೆಗೆ ಉಸಿರಾಡುವ ಸ್ನಾಯುಗಳೂ ಸೋಲುತ್ತವೆ. ಕಟ್ಟುಹಾವಿನ ಕಡಿತದಲ್ಲಿ ಊತವೇ ಕಾಣದೆ ಹೋಗಬಹುದು. ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ನಾಯಿಯನ್ನು ನಡೆಸಬೇಡಿ. ಮನುಷ್ಯರಿಗೆ ಕೊಡುವ ವಿಷನಿರೋಧಕ ಇಂಜೆಕ್ಷನ್ನೇ ನಾಯಿಗೂ ಕೊಡೋದು, ಆದರೆ ಎಲ್ಲ ಪಶು ಆಸ್ಪತ್ರೆಯಲ್ಲೂ ಅದು ಇರೋದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ ಇದೆಯಾ ಅಂತ ಕೇಳಿ. ಬೆಳೆಗೆ ಹೊಡೆಯುವ ಕೀಟನಾಶಕ ನೆಕ್ಕಿದ್ದರೆ ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಭೇದಿ ಆಗುತ್ತದೆ. ದನಗಳಿಗೆ ಹಚ್ಚುವ ಉಣ್ಣೆ ಔಷಧಿಯನ್ನು ಅಳತೆ ನೋಡದೆ ನಾಯಿಗೆ ಹಚ್ಚಿ ಅದು ಮಂಕಾಗಿ ಬೀಳೋದನ್ನೂ ನಾವು ನೋಡುತ್ತೇವೆ. ಹಚ್ಚಿದ್ದು ಅಂತಾದರೆ ಸೋಪಿನಿಂದ ತೊಳೆದು ತನ್ನಿ. ಇಲಿ ಪಾಷಾಣದಲ್ಲಿ ಒಂದು ಬಗೆ ಇದೆ, ತಿಂದ ದಿನ ಏನೂ ಆಗೋದಿಲ್ಲ, ಮೂರರಿಂದ ಐದು ದಿನಕ್ಕೆ ಒಳಗೊಳಗೇ ರಕ್ತಸ್ರಾವ ಆಗಿ ನಾಯಿ ಕುಸಿಯುತ್ತದೆ. ಅದಕ್ಕೆ ವಿಟಮಿನ್ ಕೆ1 ಅನ್ನುವ ಮದ್ದಿದೆ. ಹೋದ ವಾರ ಮನೆಯಲ್ಲಿ ಇಲಿಗೆ ಏನಾದರೂ ಇಟ್ಟಿದ್ದಿರಾ ಅಂತ ನಾವು ಕೇಳೋದು ಇದಕ್ಕೇ. ಬಾಟಲಿ, ಪೊಟ್ಟಣ ಯಾವುದಿದ್ದರೂ ಜೊತೆಗೆ ತನ್ನಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಕುಸಿದ ನಾಯಿಗಂತೂ ಖಂಡಿತ ಬೇಡ.

ಉಣ್ಣೆ ಜ್ವರದ ಬಗ್ಗೆ ನಮ್ಮ ರಾಜ್ಯದ ನಾಯಿ ಸಾಕುವವರಿಗೆಲ್ಲ ಗೊತ್ತಿರಬೇಕು. ಎರ್ಲಿಕಿಯಾ, ಬಬೇಸಿಯಾ ಅನ್ನುವ ಎರಡು ರೋಗಾಣುಗಳನ್ನು ಉಣ್ಣೆಗಳು ಹರಡುತ್ತವೆ. ಊಟ ಬಿಡೋದು, ಜ್ವರ, ಮೂಗಿನಲ್ಲಿ ರಕ್ತ, ಉಚ್ಚೆ ಕಂದು ಬಣ್ಣ, ವಸಡು ದಿನೇ ದಿನೇ ಬೆಳ್ಳಗಾಗೋದು. ಮನೆಯವರ ಕಣ್ಣಿಗೆ ಬೀಳೋದು ಮಾತ್ರ ಕೊನೆಗೆ ಕುಸಿದಾಗ. ಸರಿಯಾದ ಹೊತ್ತಿಗೆ ಹಿಡಿದರೆ ಚೆನ್ನಾಗಿ ವಾಸಿಯಾಗುವ ಕಾಯಿಲೆ ಇದು, ರಕ್ತ ತೀರಾ ಕಡಿಮೆಯಾಗಿದ್ದರೆ ಇನ್ನೊಂದು ನಾಯಿಯ ರಕ್ತ ಕೊಡಿಸಬೇಕಾಗಬಹುದು.

ಬಿದ್ದದ್ದೆಲ್ಲ ಎಚ್ಚರ ತಪ್ಪಿದ್ದೇ ಆಗಿರಬೇಕು ಅಂತಿಲ್ಲ. ಡ್ಯಾಶುಂಡ್‌ನ ಹಿಂಗಾಲು ಎರಡೂ ಒಮ್ಮೆಲೇ ಎಳೆದಾಡಿದರೆ ಅದು ಹೆಚ್ಚಾಗಿ ಬೆನ್ನುಮೂಳೆಯ ಡಿಸ್ಕ್ ಜಾರಿದ್ದು. ಹಲಗೆಯ ಮೇಲೆ ಮಲಗಿಸಿ ತನ್ನಿ, ಆ ದಿನವೇ. ಮುದಿ ನಾಯಿ ತಲೆ ಒಂದು ಕಡೆ ವಾಲಿಸಿ, ಕಣ್ಣುಗುಡ್ಡೆ ಪಕ್ಕಕ್ಕೆ ಪಟಪಟ ಓಡಿಸುತ್ತಾ ಒಂದೇ ಬದಿಗೆ ಉರುಳುತ್ತಿದ್ದರೆ ಕಿವಿಯೊಳಗಿನ ಸಮತೋಲನದ ತೊಂದರೆ ಇರಬಹುದು. ಪಾರ್ಶ್ವವಾಯು ಹೊಡೆದಿದೆ ಅಂತ ಆಸೆ ಬಿಡುವವರು ಬಹಳ, ಆದರೆ ಹೆಚ್ಚಿನವು ಕೆಲವೇ ದಿನದಲ್ಲಿ ಸುಧಾರಿಸುತ್ತವೆ.

ಉಸಿರೇ ಇಲ್ಲ, ಕರೆದರೆ ಅಲುಗಾಡುತ್ತಿಲ್ಲ ಅಂದಾಗ ಏನು ಮಾಡಬೇಕು ಅನ್ನೋದನ್ನೂ ಹೇಳಿಬಿಡುತ್ತೇನೆ. ನಿಮಿಷಕ್ಕೊಂದು ಸಲ ಬಾಯಿ ತೆರೆದು ಗಕ್ಕನೆ ಎಳೆಯೋದನ್ನು ಉಸಿರು ಅಂದುಕೊಳ್ಳಬೇಡಿ. ನಾಡಿ ಹುಡುಕುತ್ತಾ 10 ಸೆಕೆಂಡಿಗಿಂತ ಹೆಚ್ಚು ಕಳೆಯಬೇಡಿ. ಗಂಟಲಲ್ಲಿ ಚೆಂಡು, ಮೂಳೆ ಸಿಕ್ಕಿಕೊಂಡಿದ್ದರೆ ತೆಗೆಯಿರಿ. ಗಟ್ಟಿ ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ, ಲ್ಯಾಬ್ರಡಾರ್‌ನಂಥ ನಾಯಿಗೆ ಎದೆಯ ಅತಿ ಅಗಲವಾದ ಜಾಗದ ಮೇಲೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಮೊಣಕೈ ಮಡಚದೆ ಒತ್ತಿ. ಎದೆಯ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ಒಳಗೆ ಹೋಗಬೇಕು, ಪ್ರತಿ ಸಲವೂ ಪೂರ್ತಿ ಮೇಲೆ ಬರಲು ಬಿಡಬೇಕು. ನಿಮಿಷಕ್ಕೆ 100ರಿಂದ 120. ಎದೆ ಕಿರಿದಾಗಿರುವ ಮುಧೋಳ ನಾಯಿಯಂಥದ್ದಕ್ಕೆ ಹೃದಯದ ಮೇಲೆ, ಅಂದರೆ ಮುಂಗಾಲಿನ ಮೊಣಕೈ ಎದೆಗೆ ತಾಗುವ ಕಡೆ ಒತ್ತಬೇಕು. ಪುಟ್ಟ ನಾಯಿಗೆ ಒಂದೇ ಕೈಯಲ್ಲಿ ಎದೆಯನ್ನು ಕೆಳಗಿನಿಂದ ಹಿಡಿದು ಅದುಮಿದರೆ ಸಾಕು. 30 ಸಲ ಒತ್ತಿದ ಮೇಲೆ ಬಾಯಿ ಮುಚ್ಚಿ ಹಿಡಿದು ಮೂಗಿನ ಮೂಲಕ 2 ಸಲ ಉಸಿರು ಊದಿ, ಎದೆ ಏಳಬೇಕು. ರೇಬಿಸ್ ಅನುಮಾನ ಇದ್ದರೆ ಅಥವಾ ವಿಷ ತಿಂದಿರುವ ಅನುಮಾನ ಇದ್ದರೆ ಊದಬೇಡಿ, ಒತ್ತೋದಷ್ಟೇ ಸಾಕು. 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ. ಹೃದಯ ನಿಂತ ನಾಯಿಗಳಲ್ಲಿ ಬದುಕಿ ಬರುವವು ಕಡಿಮೆ, ಅದು ನಿಜ. ಆದರೆ ಕರೆಂಟು ಹೊಡೆದದ್ದು, ಗಂಟಲು ಕಟ್ಟಿದ್ದು, ನಾಗರಹಾವಿನ ವಿಷದಿಂದ ಬರೀ ಉಸಿರು ನಿಂತದ್ದು, ಇಂಥವುಗಳಲ್ಲಿ ಆಸೆ ಇರುತ್ತದೆ, ಪ್ರಯತ್ನ ಮಾಡಲೇಬೇಕು.

ಎತ್ತಿಕೊಂಡು ಹೋಗೋದಕ್ಕೆ ಒಂದು ಗಟ್ಟಿ ಬೆಡ್‌ಶೀಟ್ ಸಾಕು. ನಾಯಿಯನ್ನು ಅದರ ಮೇಲೆ ಸರಿಸಿ ಇಬ್ಬರು ನಾಲ್ಕು ಮೂಲೆ ಹಿಡಿದರೆ 35 ಕಿಲೋ ಲ್ಯಾಬ್ರಡಾರ್ ಕೂಡ ಆಟೋ ಒಳಗೆ ಹೋಗುತ್ತದೆ. ಎಂಥ ಸಾಧು ನಾಯಿಯೂ ನೋವಿನಲ್ಲಿ ಕಚ್ಚಬಹುದು, ಮುಖದ ಹತ್ತಿರ ನಿಮ್ಮ ಮುಖ ತರಬೇಡಿ. ಉಸಿರಾಟ ಕಷ್ಟ ಇರುವ ನಾಯಿಯ ಬಾಯಿ ಕಟ್ಟಬೇಡಿ. ರಾತ್ರಿ ಹೊತ್ತು ತೆರೆದಿರುವ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ ನಂಬರನ್ನು ಫ್ರಿಜ್ ಮೇಲೆ ಅಂಟಿಸಿ, ಬಿದ್ದಾಗ ಹುಡುಕುತ್ತಾ ಕೂರೋಕೆ ಆಗೋದಿಲ್ಲ. ಹಳ್ಳಿ ಕಡೆಯವರು 1962ಕ್ಕೆ ಕರೆ ಮಾಡಿ ಕೇಳಬಹುದು. ಆ ಸಂಚಾರಿ ಪಶು ಚಿಕಿತ್ಸಾ ವಾಹನಗಳು ಮುಖ್ಯವಾಗಿ ದನಕರುಗಳಿಗೆ, ಆದರೂ ಕೇಳಿ ನೋಡೋದರಲ್ಲಿ ತಪ್ಪಿಲ್ಲ.

ಇವತ್ತು ಡಾಕ್ಟರ್ ಹತ್ತಿರ ಹೋದಾಗ ಶಕ್ತಿಗೆ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬರಬೇಡಿ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಸಕ್ಕರೆ, ಸೋಡಿಯಂ ಪೊಟ್ಯಾಸಿಯಂ ನೋಡಲು ಕೇಳಿ, ಉಣ್ಣೆ ಜ್ವರಕ್ಕೂ ನೋಡಲಿ. ಇಸಿಜಿ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಆಗಲೇಬೇಕು, ಎದೆಯ ಸದ್ದಿನಲ್ಲಿ ವ್ಯತ್ಯಾಸ ಇದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್ ಕೂಡ. ಇವೆಲ್ಲ ತುಮಕೂರಿನಲ್ಲಿ ಸಿಗದಿದ್ದರೆ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಶಿವಮೊಗ್ಗ, ಹಾಸನ, ಬೀದರ್ ಕಡೆಯ ಓದುಗರಿಗೂ ಅಲ್ಲಲ್ಲೇ ಕಾಲೇಜು ಆಸ್ಪತ್ರೆಗಳಿವೆ. ಇಸಿಜಿ ಅರ್ಧ ನಿಮಿಷದ್ದು, ಆ ಹೊತ್ತಿಗೆ ಬಡಿತ ಸರಿಯಿದ್ದರೆ ಕಾಯಿಲೆ ತಪ್ಪಿಸಿಕೊಳ್ಳಬಹುದು. ಹಾಗಾಗಿ ನಾರ್ಮಲ್ ಬಂದರೂ 24 ಗಂಟೆ ಎದೆಗೆ ಕಟ್ಟುವ ಹೋಲ್ಟರ್ ಯಂತ್ರದ ಬಗ್ಗೆ ವಿಚಾರಿಸಿ. ಅಲ್ಲಿಯವರೆಗೆ ದಿನಾ ರಾತ್ರಿ ಅವನು ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ ಬರೆದಿಡಿ. 30 ದಾಟುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ವಾಕಿಂಗ್ ವಿಷಯ. ಪರೀಕ್ಷೆ ಮುಗಿಯುವ ತನಕ ಓಟ, ಚೆಂಡಾಟ, ಮೆಟ್ಟಿಲು, ಈಜು ಬೇಡ. ಬಹಿರ್ದೆಸೆಗೆ ಅಂಗಳಕ್ಕೆ ಅಥವಾ ಮನೆ ಮುಂದಿನ ರಸ್ತೆಗೆ ನಿಧಾನವಾಗಿ ನಡೆಸಿಕೊಂಡು ಹೋಗಿ, ಕತ್ತಿಗೆ ಬೆಲ್ಟ್ ಬದಲು ಎದೆಗೆ ಹಾಕುವ ಹಾರ್ನೆಸ್ ಇರಲಿ. ಬಿಸಿಲೇರುವ ಮುಂಚೆ ಹೋಗಿ ಬನ್ನಿ. ಯಜಮಾನರು ಬರುವ ಮುಂಚೆ ಒಂದು ಫೋನ್ ಮಾಡಲಿ, ಅವನನ್ನು ಒಳಗೆ ಕೂರಿಸಿ, ಅವರೇ ಹತ್ತಿರ ಬಂದು ಮಾತಾಡಿಸಲಿ. ಮುಖ್ಯವಾಗಿ ಒಬ್ಬನೇ ಟೆರೇಸಿಗೆ, ಸಂಪಿನ ಹತ್ತಿರಕ್ಕೆ ಹೋಗದಂತೆ ಬಾಗಿಲು ಹಾಕಿಡಿ. ರಿಪೋರ್ಟ್ ಬಂದ ಮೇಲೆ ದಿನಕ್ಕೆ ಎಷ್ಟು ನಿಮಿಷ ನಡೆಸಬಹುದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಸ್ವಲ್ಪ ನಡೆಸಿ ಅಂದರೆ ಅಷ್ಟಕ್ಕೇ ಬಿಡಬೇಡಿ, ನಿಮಿಷದ ಲೆಕ್ಕವನ್ನೇ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.